ಟೇಪಿನೊಳಗಿನ ಅಮ್ಮ

ಯುದ್ಧದ ಸಿನಿಮಾ ಗಂಡಸರು ನೋಡುವಂಥದ್ದು, ಹೆಂಗಸರು ಆ ಹೊತ್ತಿಗೆ ಒಳಗೆಲ್ಲೋ ಒಂದು ಕೆಲಸ ಹುಡುಕಿಕೊಳ್ಳಬೇಕು ಎಂಬುದು ನಮ್ಮ ಮನೆಗಳಲ್ಲಿ ಯಾರೂ ಬರೆದಿಡದ ಒಪ್ಪಂದ. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾನ ‘ಅಪೊಕಲಿಪ್ಸ್ ನೌ’ ಬಂದದ್ದು 1979ರಲ್ಲಿ. ಹೆಸರು ಕೇಳುತ್ತ ಬಂದು ವರ್ಷಗಳೇ ಆದರೂ ನಾನದನ್ನು ಮೊದಲ ಸಲ ಕೂತು ನೋಡಿದ್ದು ಈಚೆಗೆ. ನೋಡಿದವರೆಲ್ಲ ಮಾತಾಡುವುದು ಅದರ ಹೆಲಿಕಾಪ್ಟರುಗಳ ಬಗ್ಗೆ. ನನ್ನ ಕಿವಿಯಲ್ಲಿ ಉಳಿದದ್ದು ಒಂದು ಕ್ಯಾಸೆಟ್ಟಿನ ದನಿ.

ಕಥೆ ದೊಡ್ಡದೇನಲ್ಲ. ವಿಯೆಟ್ನಾಂ ಯುದ್ಧದ ಕಾಲ. ಕರ್ಟ್ಸ್ ಎಂಬ ಅಮೆರಿಕನ್ ಕರ್ನಲ್ ತನ್ನ ಸೇನೆಯ ಕೈಮೀರಿ ಕಾಂಬೋಡಿಯಾದ ಕಾಡು ಸೇರಿ ಅಲ್ಲಿ ತನ್ನದೇ ರಾಜ್ಯ ಕಟ್ಟಿಕೊಂಡಿದ್ದಾನೆ. ಅವನನ್ನು ಮುಗಿಸಿ ಬರಲು ವಿಲ್ಲರ್ಡ್ ಎಂಬ ಕ್ಯಾಪ್ಟನ್ ಒಂದು ಗಸ್ತಿನ ದೋಣಿಯಲ್ಲಿ, ನಾಲ್ವರು ಸಿಬ್ಬಂದಿಯ ಜೊತೆ ಹೊರಡುತ್ತಾನೆ. ಜೋಸೆಫ್ ಕಾನ್ರಾಡ್ ‘ಹಾರ್ಟ್ ಆಫ್ ಡಾರ್ಕ್‌ನೆಸ್’ನಲ್ಲಿ ಆಫ್ರಿಕಾದ ನದಿಯ ಮೇಲೆ ಬರೆದ ಪ್ರಯಾಣವನ್ನೇ ಕೊಪ್ಪೊಲಾ ಇಲ್ಲಿಗೆ ತಂದಿದ್ದಾನೆ.

ದೋಣಿ ಮುಂದೆ ಹೋದ ಹಾಗೆ ಯುದ್ಧ ತನ್ನ ಕಾರಣವನ್ನೇ ಮರೆತು ಕೆಟ್ಟ ಕನಸಿನಂತಾಗುತ್ತದೆ. ಮೊದಲ ದೃಶ್ಯದಲ್ಲೇ ಹೋಟೆಲಿನ ಫ್ಯಾನಿನ ರೆಕ್ಕೆ ಹೆಲಿಕಾಪ್ಟರಿನ ರೆಕ್ಕೆಯೊಂದಿಗೆ ಬೆರೆತುಹೋಗುತ್ತದೆ. ಮುಂದೊಂದು ಸೇತುವೆ ಬರುತ್ತದೆ. ಸೈನಿಕರು ಕಟ್ಟುತ್ತಲೇ ಇರುತ್ತಾರೆ, ಶತ್ರುಗಳು ಉಡಾಯಿಸುತ್ತಲೇ ಇರುತ್ತಾರೆ. ಅದಕ್ಕೆ ಜಾತ್ರೆಯ ಹಾಗೆ ದೀಪದ ಸರ ಬೇರೆ! ಇಲ್ಲಿ ಅಧಿಕಾರಿ ಯಾರು ಎಂದು ವಿಲ್ಲರ್ಡ್ ಕೇಳಿದರೆ, ನೀವಲ್ಲವೇ ಎಂದು ಒಬ್ಬ ಸೈನಿಕ ತಿರುಗಿ ಕೇಳುತ್ತಾನೆ. ಅತಿವಾಸ್ತವ ಎಂದು ವಿಮರ್ಶಕರು ಕರೆಯುವುದು ಇದನ್ನೇ ಇರಬೇಕು. ನನಗೆ ಮಾತ್ರ ಇದು ಯುದ್ಧದ ತೀರಾ ವಾಸ್ತವವಾದ ವರ್ಣನೆ ಎನ್ನಿಸಿತು.

ಆ ಹೆಸರಾಂತ ಹೆಲಿಕಾಪ್ಟರ್ ದಾಳಿಯ ವಿಷಯಕ್ಕೆ ಬರೋಣ. ವ್ಯಾಗ್ನರನ ಸಂಗೀತವನ್ನು ಧ್ವನಿವರ್ಧಕದಲ್ಲಿ ಮೊಳಗಿಸುತ್ತ ಹೆಲಿಕಾಪ್ಟರುಗಳು ಸಮುದ್ರದ ಮೇಲಿಂದ ಬರುತ್ತವೆ. ಆ ಹಳ್ಳಿಯನ್ನೇ ಆರಿಸಿದ್ದಕ್ಕೆ ಮುಖ್ಯ ಕಾರಣ, ಅಲ್ಲಿ ಅಲೆಗಳು ಚೆನ್ನಾಗಿ ಏಳುತ್ತವೆ, ಕರ್ನಲ್ ಕಿಲ್ಗೋರನಿಗೆ ಅಲೆಯ ಮೇಲೆ ಹಲಗೆ ಜಾರುವ ಆಟದ ಹುಚ್ಚು. ಸಂಗೀತದ ಅಬ್ಬರಕ್ಕೆ ಮೈ ಜುಮ್ಮೆನ್ನುತ್ತದೆ, ಸುಳ್ಳು ಹೇಳಲಾರೆ. ಅಷ್ಟರಲ್ಲಿ ಸಂಗೀತ ಥಟ್ಟನೆ ನಿಂತು, ಹಳ್ಳಿಯ ಶಾಲೆಯಂಗಳದ ನಿಶ್ಶಬ್ದ. ಮಕ್ಕಳು. ಅವರನ್ನು ಅವಸರದಲ್ಲಿ ಕರೆದೊಯ್ಯುವ ಹೆಂಗಸರು. ಆಮೇಲೆ ಮತ್ತೆ ಹೆಲಿಕಾಪ್ಟರು. ಒಬ್ಬ ಯುವತಿ ಓಡಿಬಂದು, ಗಾಯಾಳುಗಳನ್ನು ಹೊರಲು ಇಳಿದ ಹೆಲಿಕಾಪ್ಟರಿನೊಳಕ್ಕೆ ತನ್ನ ಟೊಪ್ಪಿಗೆಯಲ್ಲಿ ಅಡಗಿಸಿಟ್ಟ ಬಾಂಬನ್ನು ಎಸೆಯುತ್ತಾಳೆ. ಓಡುವ ಅವಳನ್ನು ಮೇಲಿನಿಂದ ಬೆನ್ನಟ್ಟಿ ಹೊಡೆಯುತ್ತಾರೆ. ಅವಳಿಗೆ ಹೆಸರಿಲ್ಲ. ಕಿಲ್ಗೋರನ ಮಾತುಗಳನ್ನು ಜನ ಇವತ್ತಿಗೂ ಬಾಯಿಪಾಠ ಹೇಳುತ್ತಾರೆ.

ನದಿಯ ಮೇಲೆ ಇನ್ನೊಬ್ಬಳು ಸಿಗುತ್ತಾಳೆ. ತರಕಾರಿ, ಕೋಳಿ ತುಂಬಿಕೊಂಡು ಹೊರಟ ಒಂದು ಬಡಪಾಯಿ ದೋಣಿಯನ್ನು ತಪಾಸಣೆಗೆಂದು ನಿಲ್ಲಿಸುತ್ತಾರೆ. ಅದರಲ್ಲಿದ್ದ ಹುಡುಗಿ ಒಂದು ಡಬ್ಬಿಯ ಕಡೆ ಓಡಿದ್ದೇ ತಡ, ಕ್ಲೀನ್ ಎಂಬ ಸೈನಿಕ ಹೆದರಿ ಗುಂಡು ಹಾರಿಸುತ್ತಾನೆ. ಕ್ಷಣದಲ್ಲಿ ದೋಣಿಯವರೆಲ್ಲ ಸತ್ತಿರುತ್ತಾರೆ. ಅವಳು ಮುಚ್ಚಿಡಲು ಓಡಿದ್ದು ಒಂದು ನಾಯಿಮರಿಯನ್ನು. ಹುಡುಗಿಗೆ ಇನ್ನೂ ಉಸಿರಿದೆ. ಆಸ್ಪತ್ರೆಗೆ ಒಯ್ಯೋಣ ಎನ್ನುತ್ತಾನೆ ದೋಣಿಯ ನಾಯಕ. ತಡವಾಗುತ್ತದೆಂದು ವಿಲ್ಲರ್ಡ್ ಅವಳನ್ನು ಗುಂಡಿಟ್ಟು ಮುಗಿಸುತ್ತಾನೆ. ನಾಯಿಮರಿಯನ್ನು ಮಾತ್ರ ಜೊತೆಗೆ ಕರೆದೊಯ್ಯುತ್ತಾರೆ.

ಕ್ಲೀನ್ ಪಾತ್ರ ಮಾಡಿದ ಲಾರೆನ್ಸ್ ಫಿಶ್‌ಬರ್ನನಿಗೆ ಚಿತ್ರೀಕರಣ ಶುರುವಾದಾಗ ಹದಿನಾಲ್ಕೇ ವರ್ಷ. ವಯಸ್ಸು ಹೆಚ್ಚು ಹೇಳಿ ಸೇರಿಕೊಂಡಿದ್ದನಂತೆ. ಆ ಎಳೆಯ ಮುಖ ನೋಡಿದರೆ ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯುವುದಿಲ್ಲ. ಮುಂದೆ ಅಂಚೆ ಬರುತ್ತದೆ, ಅವನಿಗೆ ಅಮ್ಮ ಕಳಿಸಿದ ಕ್ಯಾಸೆಟ್ಟು. (ಗಲ್ಫಿಗೆ ಗಂಡನನ್ನೋ ಮಗನನ್ನೋ ಕಳಿಸಿದ ನಮ್ಮ ಕರಾವಳಿಯ ಮನೆಗಳಿಗೆ ಈ ಕ್ಯಾಸೆಟ್ಟಿನ ಕಾಗದ ಗೊತ್ತು.) ಅದನ್ನು ಹಾಕಿಕೊಂಡು ಕೇಳುತ್ತಿರುವಾಗಲೇ ದಡದಿಂದ ಗುಂಡು ಬರುತ್ತದೆ, ಹುಡುಗ ಸಾಯುತ್ತಾನೆ. ಟೇಪು ನಿಲ್ಲುವುದಿಲ್ಲ. ಅಮ್ಮ ಮನೆಯ ಸುದ್ದಿ ಹೇಳುತ್ತಲೇ ಹೋಗುತ್ತಾಳೆ, ಗುಂಡಿಗೆ ಸಿಗಬೇಡ, ಮೈಕೈ ನೆಟ್ಟಗೆ ಇಟ್ಟುಕೊಂಡು ಮನೆಗೆ ಬಾ ಎನ್ನುತ್ತಾಳೆ.

ಇಡೀ ಚಿತ್ರದ ಎತ್ತರ ಇದೇ, ನನ್ನ ತಕರಾರು ಇರುವುದೂ ಇಲ್ಲೇ. ಕೊಂದ ಹುಡುಗನಿಗೆ ಒಬ್ಬ ಅಮ್ಮ ಇದ್ದಾಳೆ ಎಂದು ಕೊಪ್ಪೊಲಾನಿಗೆ ನೆನಪಾಯಿತು. ನಾಯಿಮರಿಯ ಹುಡುಗಿಗೆ ಒಂದು ಮಾತನ್ನಾದರೂ ಕೊಡಬೇಕೆನ್ನಿಸಲಿಲ್ಲ. ಕಾನ್ ಚಿತ್ರೋತ್ಸವದಲ್ಲಿ ಆತ, ನನ್ನ ಚಿತ್ರ ವಿಯೆಟ್ನಾಂ ಬಗ್ಗೆ ಅಲ್ಲ, ಅದೇ ವಿಯೆಟ್ನಾಂ ಎಂಬರ್ಥದ ಮಾತಾಡಿದ್ದ. ಆ ದೇಶದ ಸರ್ಕಾರ 1995ರಲ್ಲಿ ಕೊಟ್ಟ ಅಂದಾಜಿನಂತೆ ಯುದ್ಧದಲ್ಲಿ ಸತ್ತ ನಾಗರಿಕರೇ ಸುಮಾರು 20 ಲಕ್ಷ. ಅವರಲ್ಲಿ ಒಬ್ಬರ ಹೆಸರೂ ಕೇಳಿಸದ ಚಿತ್ರವನ್ನು ವಿಯೆಟ್ನಾಂ ಎನ್ನಲು ನನಗೆ ಬಾಯಿ ಬಾರದು.

ಕೊನೆಯ ಭಾಗ, ಕರ್ಟ್ಸ್ ಆಗಿ ಮರ್ಲನ್ ಬ್ರಾಂಡೊ ಕತ್ತಲಲ್ಲಿ ಕೂತು ಗೊಣಗುವುದು, ನನಗೆ ಉದ್ದವೆನ್ನಿಸಿತು. ನಿಜವಾಗಿ ಕಡಿದ ಕೋಣದ ದೃಶ್ಯ ಬಂದಾಗ ಮುಖ ತಿರುಗಿಸಿದೆ.

ಚಿತ್ರದಾಚೆಗೂ ಒಬ್ಬ ಹೆಂಗಸಿದ್ದಾಳೆ, ನಿರ್ದೇಶಕನ ಹೆಂಡತಿ ಎಲೀನರ್ ಕೊಪ್ಪೊಲಾ. 1976ರಲ್ಲಿ ಮೂರು ಮಕ್ಕಳನ್ನು ಕಟ್ಟಿಕೊಂಡು ಫಿಲಿಪೈನ್ಸಿಗೆ ಹೋದಳು. ಚಿತ್ರೀಕರಣ 1977ರವರೆಗೂ ಎಳೆಯಿತು. ಚಂಡಮಾರುತಕ್ಕೆ ಸೆಟ್ಟುಗಳು ಕೊಚ್ಚಿಹೋದವು, ನಾಯಕ ನಟ ಮಾರ್ಟಿನ್ ಶೀನನಿಗೆ ಹೃದಯಾಘಾತವಾಯಿತು, ಗಂಡ ಮನೆಮಾರನ್ನೂ ಅಡವಿಟ್ಟ. ಆಕೆ ಕ್ಯಾಮೆರಾ ಹಿಡಿದಳು, ದಿನಚರಿ ಬರೆದಳು, ಸೋತೆನೆಂದು ಗಂಡ ಗೋಳಾಡುವುದನ್ನು ಅವನಿಗೆ ತಿಳಿಯದಂತೆ ಟೇಪು ಮಾಡಿಕೊಂಡಳು. ಆ ದಿನಚರಿ 1979ರಲ್ಲೇ ‘ನೋಟ್ಸ್’ ಎಂಬ ಪುಸ್ತಕವಾಯಿತು. ಆಕೆ ತೆಗೆದ ಚಿತ್ರಗಳಿಂದಲೇ 1991ರಲ್ಲಿ ‘ಹಾರ್ಟ್ಸ್ ಆಫ್ ಡಾರ್ಕ್‌ನೆಸ್’ ಎಂಬ ಸಾಕ್ಷ್ಯಚಿತ್ರ ಬಂತು. ತನ್ನದೇ ಮೊದಲ ಕಥಾಚಿತ್ರ ‘ಪ್ಯಾರಿಸ್ ಕ್ಯಾನ್ ವೇಟ್’ ಹೊರಬರುವ ಹೊತ್ತಿಗೆ ಆಕೆಗೆ ಎಂಬತ್ತು. ತೀರಿಕೊಂಡದ್ದು 2024ರಲ್ಲಿ.

ನೋಡುವ ಮನಸ್ಸಾದರೆ 1979ರ ಮೂಲ ಚಿತ್ರವನ್ನೇ ನೋಡಿ. 2001ರಲ್ಲಿ ಬಂದ ಉದ್ದನೆಯ ಆವೃತ್ತಿಯಲ್ಲಿ ಹೆಂಗಸರ ದೃಶ್ಯಗಳು ಹೆಚ್ಚಿವೆ, ಆದರೆ ಅವರು ಬರುವುದು ಗಂಡಸರ ಹಾಸಿಗೆಗೆ ಮಾತ್ರ. ಮೂಲ ನೋಡಿದ ಮೇಲೆ, ಅದೇ ವಾರದಲ್ಲಿ, ಎಲೀನರಳ ಸಾಕ್ಷ್ಯಚಿತ್ರವನ್ನೂ ನೋಡಿ. ಅಲ್ಲಿ ಕಥೆ ಹೇಳುವ ದನಿ ಆಕೆಯದೇ.