ಆಂಗ್ಲಭಾಷೆಯ ವಯೋವಾಚಕ ನುಡಿಗಟ್ಟುಗಳು

ಮನುಷ್ಯನ ಆಯುಸ್ಸನ್ನು ಭಾಗಮಾಡಿ ಒಂದೊಂದು ಭಾಗಕ್ಕೆ ಒಂದೊಂದು ಹೆಸರನ್ನಿಡುವುದು ಎಲ್ಲ ಭಾಷೆಗಳಲ್ಲಿಯೂ ಉಂಟು. ಆಂಗ್ಲಭಾಷೆಯಲ್ಲಿ ಈ ಬಗೆಯ ನುಡಿಗಟ್ಟುಗಳು ಹೇರಳವಾಗಿವೆ. ಎಳೆಯ ಪ್ರಾಯಕ್ಕೆ ಹೇಳುವ 'ಸ್ಯಾಲಡ್ ಡೇಸ್', ಇಳಿವಯಸ್ಸಿಗೆ ಹೇಳುವ 'ಯೆಲ್ಲೋ ಲೀಫ್' ಅಥವಾ ಹಣ್ಣೆಲೆ, ಕಡುಮುಪ್ಪಿಗೆ ಹೇಳುವ 'ಸೆಕೆಂಡ್ ಚೈಲ್ಡ್‌ಹುಡ್' ಅಥವಾ ಎರಡನೆಯ ಬಾಲ್ಯ, ಈ ಮೂರು ವಿದ್ಯಾವಂತರಿಗೆಲ್ಲ ಪರಿಚಿತವಾದವು. ಮೊದಲಿನೆರಡು ಷೇಕ್ಸ್‌ಪಿಯರ್ ಮಹಾಕವಿಯ ನಾಟಕಗಳಿಂದ ಬಂದವು. ಮೂರನೆಯದರ ಭಾವವು ಅವನಿಗಿಂತ ಬಹು ಹಳೆಯದಾದರೂ ಪ್ರಸಿದ್ಧಿಯನ್ನು ಪಡೆದುದು ಅವನ ನಾಟಕದಿಂದಲೇ. ಈ ಮೂರು ನಾಟಕಗಳೂ ಮೊದಲು ಅಚ್ಚಾದುದು 1623ರ ಸಂಪುಟದಲ್ಲಿ. ವಯಸ್ಸಿನ ವಿಷಯದಲ್ಲಿ ಮಹಾಕವಿಯೇ ಕೊಟ್ಟ ತೀರ್ಪುಗಳೆಂಬಂತೆ ಜನರು ಇವನ್ನು ಉದಾಹರಿಸುವುದುಂಟು. ಈ ಭಾವನೆ ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಣೀಯವಾಗಿದೆ.

ನಮ್ಮ ಆಲಂಕಾರಿಕರು ಕಾವ್ಯದ ಮಾತನ್ನು ವಿಂಗಡಿಸುವಾಗ ಒಂದು ಸೂಕ್ಷ್ಮವಾದ ಭೇದವನ್ನು ಹೇಳಿದ್ದಾರೆ. ಕವಿ ತಾನೇ ಆಡಿದ ಪ್ರೌಢೋಕ್ತಿ ಬೇರೆ. ಕವಿ ಕಲ್ಪಿಸಿದ ಪಾತ್ರವು ಆಡಿದ ಪ್ರೌಢೋಕ್ತಿ ಬೇರೆ. ಎರಡನೆಯದನ್ನು ಅವರು 'ಕವಿನಿಬದ್ಧವಕ್ತೃಪ್ರೌಢೋಕ್ತಿ' ಎಂದು ಕರೆದರು. ಆಡಿದವನಾರು, ಕೇಳುವವನಾರು, ಸಂದರ್ಭವಾವುದು ಎಂಬುದನ್ನು ತಿಳಿಯದೆ ಮಾತಿನ ವ್ಯಂಗ್ಯವು ತಿಳಿಯದೆಂದು ಮಮ್ಮಟನು ಕಾವ್ಯಪ್ರಕಾಶದಲ್ಲಿ ವಿವರಿಸಿದ್ದಾನೆ. ಈ ಒರೆಗಲ್ಲಿನ ಮೇಲೆ ಮೇಲ್ಕಂಡ ಮೂರು ನುಡಿಗಳನ್ನೂ ಉಜ್ಜಿ ನೋಡಬಹುದು.

'ಸ್ಯಾಲಡ್ ಡೇಸ್' ಎಂಬುದು 'ಆಂಟನಿ ಮತ್ತು ಕ್ಲಿಯೋಪಾತ್ರ' ನಾಟಕದ ಪ್ರಥಮಾಂಕದಲ್ಲಿ ಬರುವ ಮಾತು. ಸ್ಯಾಲಡ್ ಎಂದರೆ ಬೇಯಿಸದ ಹಸಿಸೊಪ್ಪಿನ ತಿನಿಸು. ಆಂಟನಿಯನ್ನು ಅಗಲಿರುವ ರಾಣಿಯು ಅವನನ್ನೇ ಹೊಗಳುತ್ತಿರಲು, ಸಖಿಯು ಹಿಂದೆ ಆಕೆ ಸೀಸರನನ್ನೂ ಹೀಗೆಯೇ ಹೊಗಳುತ್ತಿದ್ದುದನ್ನು ನೆನಪಿಗೆ ತರುತ್ತಾಳೆ. ಅದು ಬುದ್ಧಿ ಇನ್ನೂ ಹಸಿಯಾಗಿದ್ದ, ರಕ್ತವು ಕಾವೇರದಿದ್ದ ಕಾಲದ ಮಾತೆಂದು ರಾಣಿ ಅದನ್ನು ತಳ್ಳಿಹಾಕುತ್ತಾಳೆ. ಇದು ತಾರುಣ್ಯದ ಲಕ್ಷಣವಲ್ಲ. ಹಳೆಯ ಪ್ರೇಮವನ್ನು ಅಲ್ಲಗಳೆಯಲು ಪ್ರೌಢ ಸ್ತ್ರೀಯೊಬ್ಬಳು ಹೂಡಿದ ನೆಪ. ತನ್ನ ಅಂದಿನ ಮಾತಿಗೆ ತಾನು ಹೊಣೆಯಲ್ಲ, ತನ್ನ ವಯಸ್ಸು ಹೊಣೆ ಎಂಬುದೇ ಇದರ ತಾತ್ಪರ್ಯ.

ಸಂದರ್ಭವನ್ನು ಮರೆತವರ ಕೈಯಲ್ಲಿ ಈ ನುಡಿಯ ಅರ್ಥವೇ ಜಾರಿಹೋಯಿತು. ಬಳಸುವವರಲ್ಲಿ ಹೋಲಿಕೆಯ ಮರ್ಮವನ್ನು ಹೇಳಬಲ್ಲವರು ವಿರಳವೆಂದು ಫೌಲರನು 1926ರಲ್ಲಿ ಪ್ರಕಟವಾದ ತನ್ನ ಭಾಷಾಪ್ರಯೋಗದ ಕೋಶದಲ್ಲಿ ಆಕ್ಷೇಪಿಸಿದ್ದಾನೆ. ಇಂದು ಅನೇಕರು ಇದನ್ನು ಜೀವನದ ಉತ್ಕರ್ಷಕಾಲವೆಂಬ ಅರ್ಥದಲ್ಲಿಯೇ ಪ್ರಯೋಗಿಸುತ್ತಾರೆ. ಆದರೆ ಸಂದರ್ಭವನ್ನರಿತು ಇದನ್ನು ಬಳಸಿದ ಒಂದು ನಿದರ್ಶನವೂ ಉಂಟು. ಎರಡನೆಯ ಎಲಿಜಬೆತ್ ರಾಣಿಯು 1947ರಲ್ಲಿ, ಯುವರಾಣಿಯಾಗಿದ್ದಾಗ, ತನ್ನ ಇಪ್ಪತ್ತೊಂದನೆಯ ಹುಟ್ಟುಹಬ್ಬದಂದು ಕೇಪ್‌ಟೌನಿನಿಂದ ಪ್ರಜಾಸೇವೆಯ ಪ್ರತಿಜ್ಞೆಯನ್ನು ಮಾಡಿದ್ದಳು. 1977ರಲ್ಲಿ ಪಟ್ಟದ ಬೆಳ್ಳಿಹಬ್ಬದ ಭಾಷಣದಲ್ಲಿ ಇದೇ ನುಡಿಯನ್ನು ಎತ್ತಿಕೊಂಡು, ಅದು ಎಳೆಯ ಬುದ್ಧಿಯ ಕಾಲದಲ್ಲಿ ಮಾಡಿದ ಪ್ರತಿಜ್ಞೆಯಾದರೂ ಅದರ ಒಂದು ಪದವನ್ನೂ ಹಿಂತೆಗೆದುಕೊಳ್ಳುವುದಿಲ್ಲವೆಂದಳು. ಒಬ್ಬ ರಾಣಿ ಮಾತಿನಿಂದ ಜಾರಿಕೊಳ್ಳಲು ಆಡಿದ ನುಡಿಯನ್ನು ಮತ್ತೊಬ್ಬ ರಾಣಿ ಮಾತಿಗೆ ಕಟ್ಟುಬೀಳಲು ಆಡಿದಳು. ನುಡಿಯೊಂದೇ, ವಕ್ತೃಭೇದದಿಂದ ಅರ್ಥವು ತಲೆಕೆಳಗಾಯಿತು.

ಎರಡನೆಯದು 'ಮ್ಯಾಕ್‌ಬೆತ್' ನಾಟಕದ ಐದನೆಯ ಅಂಕದ್ದು. ಶತ್ರುಸೈನ್ಯವು ಹತ್ತಿರ ಬರುತ್ತಿರುವಾಗ ಮ್ಯಾಕ್‌ಬೆತನು ತನ್ನ ಬಾಳು ಒಣಗಿ ಹಳದಿಯಾದ ಎಲೆಯ ದೆಸೆಗೆ ಬಂದಿತೆಂದು ಹಲುಬುತ್ತಾನೆ. ಉದಾಹರಿಸುವವರು ಇಷ್ಟಕ್ಕೇ ನಿಲ್ಲುತ್ತಾರೆ. ಅವನು ಇಷ್ಟಕ್ಕೇ ನಿಲ್ಲುವುದಿಲ್ಲ. ಮುಪ್ಪಿನೊಡನೆ ಬರತಕ್ಕ ಗೌರವ, ಪ್ರೀತಿ, ವಿಧೇಯತೆ, ಮಿತ್ರಸಮೂಹ ಇವಾವುವೂ ತನಗೆ ದೊರೆಯಲಾರವೆಂದೂ, ಬದಲಾಗಿ ಶಾಪವೂ ಬಾಯುಪಚಾರವೂ ಮಾತ್ರ ತನ್ನ ಪಾಲಿಗೆ ಉಳಿದವೆಂದೂ ಮುಂದುವರಿಸುತ್ತಾನೆ. ಆದಕಾರಣ ಅವನ ದುಃಖವು ಮುಪ್ಪು ಬಂದುದಕ್ಕಲ್ಲ. ಮುಪ್ಪಿನ ಫಲವು ಕೈತಪ್ಪಿದುದಕ್ಕೆ. ಮನೆಗೆ ಅತಿಥಿಯಾಗಿ ಬಂದ ದೊರೆಯನ್ನೇ ಕೊಂದವನ ಮಾತಿದು. ಸನ್ಮಾರ್ಗದಲ್ಲಿ ಬಾಳಿದ ಹಿರಿಯರಿಗೆ ಹಣ್ಣೆಲೆಯೆಂಬ ಹೆಸರನ್ನು ಇಲ್ಲಿಂದ ತಂದು ಅಂಟಿಸುವುದು ಕೊಲೆಗಾರನ ಅಳಲನ್ನು ನಿರಪರಾಧಿಗಳ ತಲೆಗೆ ಕಟ್ಟಿದಂತಾಗುತ್ತದೆ.

ಮೂರನೆಯದು ಎಲ್ಲಕ್ಕಿಂತ ಹೆಚ್ಚು ಪ್ರಚಾರದಲ್ಲಿದೆ. 'ಆಸ್ ಯು ಲೈಕ್ ಇಟ್' ನಾಟಕದ ಎರಡನೆಯ ಅಂಕದಲ್ಲಿ ಜೇಕ್ವೀಸ್ ಎಂಬ ವಿಷಣ್ಣಸ್ವಭಾವದವನು ಮನುಷ್ಯನ ಆಯುಸ್ಸನ್ನು ಏಳು ಪಾತ್ರಗಳಾಗಿ ವಿಭಾಗಿಸುತ್ತಾನೆ. ಹಸುಗೂಸು, ಶಾಲೆಯ ಹುಡುಗ, ಪ್ರಣಯಿ, ಯೋಧ, ನ್ಯಾಯಾಧಿಪತಿ, ಬಡಕಲು ಮುದುಕ, ಕಡೆಗೆ ಹಲ್ಲು ಕಣ್ಣು ರುಚಿಗಳನ್ನೆಲ್ಲ ಕಳೆದುಕೊಂಡ ಎರಡನೆಯ ಬಾಲ್ಯ. ಈ ಪಟ್ಟಿಯಲ್ಲಿ ತಂದೆಯೆಂಬವನಿಲ್ಲ, ಗೆಳೆಯನಿಲ್ಲ, ಏಳರಲ್ಲಿ ಒಂದೂ ಹೆಣ್ಣಿನ ವಯಸ್ಸಿಲ್ಲ. ಸ್ನೇಹವಿಲ್ಲದ ಕಣ್ಣಿಗೆ ಕಂಡ ಲೋಕವಿದು.

ಈ ಭಾಷಣವು ಮುಗಿದೊಡನೆ ಕವಿ ಏನು ಮಾಡಿದನೆಂಬುದನ್ನು ನೋಡತಕ್ಕದ್ದು. ಆರ್ಲೆಂಡೋ ಎಂಬ ತರುಣನು ಹಸಿವಿನಿಂದ ಬಳಲಿದ ವೃದ್ಧಸೇವಕ ಆಡಮನನ್ನು ಹೊತ್ತುಕೊಂಡು ಅದೇ ಕ್ಷಣದಲ್ಲಿ ರಂಗವನ್ನು ಪ್ರವೇಶಿಸುತ್ತಾನೆ. ಎಂಬತ್ತರ ಸಮೀಪದ ಈ ಆಡಮನೇ ಹಿಂದಿನ ದೃಶ್ಯವೊಂದರಲ್ಲಿ, ಮುಪ್ಪಿಗೆಂದು ಕೂಡಿಟ್ಟಿದ್ದ ಐನೂರು ಕ್ರೌನು ನಾಣ್ಯಗಳನ್ನು ಒಡೆಯನ ಮಗನಿಗೆ ಒಪ್ಪಿಸಿ ಅವನ ಜೀವವನ್ನುಳಿಸಿದವನು. ತನ್ನ ವಯಸ್ಸು ಹಿಮವಿದ್ದರೂ ಹಿತವಾದ, ಕಸುವುಳ್ಳ ಚಳಿಗಾಲದಂತಿದೆ ಎಂದವನು. ಬಾಯಲ್ಲಿ ವೈರಾಗ್ಯವನ್ನಾಡಿದವನ ಎದುರಿಗೆ ಕೃತಜ್ಞತೆಯು ಮುಪ್ಪನ್ನು ಹೆಗಲಮೇಲೆ ಹೊತ್ತು ನಿಂತಿತು. ಕವಿಯ ಉತ್ತರವು ಇದಕ್ಕಿಂತ ಸ್ಪಷ್ಟವಾಗಿರಬೇಕಾಗಿಲ್ಲ. ಆದರೂ ಲೋಕವು ಜೇಕ್ವೀಸನ ಮಾತನ್ನು ಕಂಠಪಾಠ ಮಾಡಿ ಆಡಮನನ್ನು ಮರೆತುಬಿಟ್ಟಿತು.

ಈ ನುಡಿಯ ಹಿಂದಿನ ಚರಿತ್ರೆಯೂ ಇದನ್ನೇ ಸಾರುತ್ತದೆ. ಗ್ರೀಕರ ಅರಿಸ್ಟೋಫೆನೀಸನ 'ಮೇಘಗಳು' ಎಂಬ ಪ್ರಹಸನವು ಕ್ರಿಸ್ತಪೂರ್ವ 423ರಲ್ಲಿ ಅಥೆನ್ಸಿನಲ್ಲಿ ಪ್ರಯೋಗವಾಯಿತು. ಅದರಲ್ಲಿ ಮುದುಕರು ಎರಡು ಸಲ ಮಕ್ಕಳೆಂಬ ಮಾತನ್ನಾಡುವವನು ತಂದೆಯನ್ನು ಹೊಡೆದ ಮಗ. ಮಕ್ಕಳನ್ನು ಹೊಡೆಯುವುದು ನ್ಯಾಯವಾದರೆ ಮುದುಕರನ್ನು ಹೊಡೆಯುವುದು ಇನ್ನೂ ನ್ಯಾಯವೆಂಬುದು ಅವನ ತರ್ಕ!

ಮುಪ್ಪಿನಲ್ಲಿ ಇಂದ್ರಿಯಗಳು ಕುಗ್ಗುವುದು, ಮರೆವು ಬರುವುದು ಸುಳ್ಳೇ ಎಂದು ಆಕ್ಷೇಪಿಸಬಹುದು. ಸುಳ್ಳಲ್ಲ. ಆದರೆ ಕೂಸಿನ ಅಶಕ್ತಿಗೆ ಹಿಂದಣ ಚರಿತ್ರೆಯಿಲ್ಲ. ವೃದ್ಧರ ಅಶಕ್ತಿಯ ಹಿಂದೆ ಒಂದು ಪೂರ್ಣವಾದ ಬಾಳು ನಿಂತಿದೆ. ಎರಡನೆಯ ಬಾಲ್ಯವೆಂಬ ಉಪಮೆ ಸಾದೃಶ್ಯವನ್ನು ಹಿಡಿದು ಈ ಮುಖ್ಯವಾದ ಭೇದವನ್ನು ಬಿಟ್ಟಿತು. ಅದಲ್ಲದೆ, ಕೂಸೆಂದು ಕರೆದರೆ ಕೂಸಿಗೆ ನೋವಿಲ್ಲ. ಹಿರಿಯರಿಗೆ ಆ ಮಾತು ಕೇಳಿಸುತ್ತದೆ, ಅರ್ಥವೂ ಆಗುತ್ತದೆ.

ಇದು ಪರಭಾಷೆಯ ದೋಷವೆಂದು ಕನ್ನಡಿಗರು ಹಿಗ್ಗುವಂತಿಲ್ಲ. 'ಅರವತ್ತಕ್ಕೆ ಅರಳುಮರಳು' ಎಂಬ ಗಾದೆ ನಮ್ಮ ಮನೆಗಳಲ್ಲಿಯೇ ಇದೆ. ಅದನ್ನು ಅರವತ್ತಾದವರು ತಮ್ಮ ಮರೆವಿಗೆ ತಾವೇ ನಗುತ್ತ ಆಡಿದರೆ ವಿನೋದ. ಹಿರಿಯರ ಒಂದು ಹಿತವಚನವನ್ನು ಮುಚ್ಚಿಸಲು ಕಿರಿಯರು ಆಡಿದರೆ ಅದು ಆ ಗ್ರೀಕ್ ಮಗನ ತರ್ಕವೇ ಸರಿ. ಪರಭಾಷೆಯ ನುಡಿಗಳನ್ನು ಕನ್ನಡಕ್ಕೆ ತರುವವರು ಪದಕ್ಕೆ ಪದವನ್ನು ಹುಡುಕುವುದಕ್ಕೆ ಮುಂಚೆ ಆ ಪದವು ಯಾರ ಬಾಯಿಂದ ಹೊರಟಿತೆಂಬುದನ್ನು ವಿಚಾರಿಸಬೇಕು. ಮನೆಯಲ್ಲಿ ಅವನ್ನು ಆಡುವವರು, ಜೇಕ್ವೀಸನ ಮಾತಿನ ಜೊತೆಗೆ ಆಡಮನನ್ನೂ ಆರ್ಲೆಂಡೋವಿನ ಹೆಗಲನ್ನೂ ನೆನೆದು ಆಡುವುದು ಉಚಿತ.