ಮೊದಲು ಹೆಗಲು ನೋಡಿರಿ

ನಮ್ಮ ಕಡೆಯ ಊರುಗಳಲ್ಲಿ ಕಿತ್ತೂರು ಚೆನ್ನಮ್ಮನ ನಾಟಕ ಅಂದರೆ ಥ್ಯಾಕರೆ ಸಾಹೇಬನಿಗೆ ಕೆಂಪು ಕೋಟು ಖಾಯಂ. ಬಹಳ ಸಲ ಅದು ಬ್ಯಾಂಡ್ ಕಂಪನಿಯವರಿಂದ ಒಂದು ರಾತ್ರಿಯ ಮಟ್ಟಿಗೆ ತಂದದ್ದು. ಹೆಗಲಿಗೆ ಹಳದಿ ಗೊಂಡೆ, ಎದೆಗೆ ಪ್ಲಾಸ್ಟಿಕ್ ಗುಂಡಿ, ತೋಳಿಗೆ ಜರಿಪಟ್ಟಿ. ಸಾಹೇಬ ಗುಂಡು ತಗುಲಿ ಬಿದ್ದಾಗ ಜನ ಸೀಟಿ ಹೊಡೆಯುತ್ತಾರೆ, ನಾನು ಹಲ್ಲು ಕಚ್ಚಿಕೊಂಡು ಕೂತಿರುತ್ತೇನೆ. ಸೇಂಟ್ ಜಾನ್ ಥ್ಯಾಕರೆ ಸೈನ್ಯದವನೇ ಅಲ್ಲ. ಧಾರವಾಡದ ಕಲೆಕ್ಟರ್, ಪೊಲಿಟಿಕಲ್ ಏಜೆಂಟ್, ಅಂದರೆ ಸಿವಿಲ್ ನೌಕರ. 1824ರ ಅಕ್ಟೋಬರ್ 23ರಂದು ಅವನ ಜೊತೆಗೆ ಕಿತ್ತೂರಿನಲ್ಲಿ ಸತ್ತ ಬ್ಲ್ಯಾಕ್, ಸಿವೆಲ್, ಡೈಟನ್ ಎಂಬ ಅಧಿಕಾರಿಗಳು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಕುದುರೆ ತೋಪಖಾನೆಯವರು. ತೋಪಖಾನೆಯ ಅಂಗಿ ನೀಲಿ. ರಂಗದ ಮೇಲೆ ಒಬ್ಬನಿಗೆ ಸಾದಾ ಕೋಟು, ಮೂವರಿಗೆ ನೀಲಿ ಅಂಗಿ ಬರಬೇಕಾದಲ್ಲಿ ನಾಲ್ವರೂ ಕೆಂಪಾಗಿ ಬರುತ್ತಾರೆ. ಒಮ್ಮೆ ನಾಟಕ ಆಡಿಸುವವರಿಗೆ ಇದನ್ನು ಹೇಳಿದೆ. "ಅದಕ್ಕೇನಾತ್ರಿ ಸರ? ಜನಕ್ಕ ಇಂಗ್ಲಿಷರಂದ್ರ ಕೆಂಪ ಕೋಟರಿ" ಅಂದರು.

ಆ ಜನರಿಗಾಗಿ ನಾನು ಬರೆಯುತ್ತಿಲ್ಲ. ಈಚೆಗೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆಯಿಂದ ಕೆಲವು ಹುಡುಗರು ಬರತೊಡಗಿದ್ದಾರೆ. ಹಳೆಯ ಮಿಲಿಟರಿ ಉಡುಪಿನ ಹುಚ್ಚು ಹಿಡಿದವರು, ಅದರಲ್ಲೂ ಜರ್ಮನ್ ಅಧಿಕಾರಿಗಳ ಕೋಟಿನ ಹುಚ್ಚು. ಮೊಬೈಲಿನಲ್ಲಿ ಫೋಟೊ ತೋರಿಸಿ ಮೊದಲು ಕೇಳುವುದು "ಇದು ಎಷ್ಟಕ್ಕ ಹೋಗ್ತದರಿ?" ಎಂದು. ಆ ಪ್ರಶ್ನೆಯನ್ನು ಹೊರಗೆ ಬಿಟ್ಟು ಒಳಗೆ ಬರುವವರಿಗೆ ಈ ಕೈಪಿಡಿ. ರೆಜಿಮೆಂಟ್ ಎಂದರೇನು, ಬಟಾಲಿಯನ್ ಎಂದರೇನು ಎಂದು ಇಲ್ಲಿ ಹೇಳುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಯಾವ ಮಾಜಿ ಸೈನಿಕನ ಕಟ್ಟೆಯ ಮೇಲೆ ಕೂತರೂ ಚಹಾ ಬರುವುದರೊಳಗೆ ಅದು ತಿಳಿಯುತ್ತದೆ.

ನಾನು ಹೇಳುವುದು ಒಂದೇ: ಕೋಟು ಕೈಗೆ ಬಂದರೆ ಮೊದಲು ಹೆಗಲು ನೋಡಿರಿ. ಎದೆಯ ಪದಕ ಆಮೇಲೆ. ಟೋಪಿ ಇನ್ನೂ ಆಮೇಲೆ.

ಈ ಪಾಠ ನನಗೆ ಸಿಕ್ಕಿದ್ದು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋಗಿ ಬಂದ ಮುತ್ಯಾ ಒಬ್ಬರಿದ್ದರು, ಮರಾಠಾ ಲೈಟ್ ಇನ್‌ಫಂಟ್ರಿಯ ಸಿಪಾಯಿ. ನಾನಾಗ ಕಾಲೇಜು ಹುಡುಗ, ಪದಕ ನೋಡುವ ಆಸೆಯಿಂದ ಹೋಗಿದ್ದೆ. ಪದಕ ತೋರಿಸಿ ಮುಗಿದ ಮೇಲೆ ಅವರು ಬಿಸ್ಕೀಟ್ ಡಬ್ಬಿಯ ತಳದಿಂದ ಒಂದು ತುಂಡು ತೆಗೆದು ನನ್ನ ಅಂಗೈಯಲ್ಲಿಟ್ಟರು. ಗೇಣಿಗಿಂತ ಗಿಡ್ಡ, ಎರಡು ಬೆರಳಗಲ. ಕೆಳಗೆ ಮಾಸಿದ ಬಿಳಿ ಬಟ್ಟೆ. ಅದರ ಮೇಲೆ ಬೂದುಬೆಳ್ಳಿ ಬಣ್ಣದ ಹುರಿ ಒಂದಕ್ಕೊಂದು ತಾಗಿ ಮೇಲೆ ಹೋಗಿ, ಗುಂಡಿಯ ಕಣ್ಣನ್ನು ಬಳಸಿ, ಕೆಳಗೆ ಇಳಿದಿತ್ತು. ಹುರಿಯ ನಡುವೆ ಎರಡು ಕಡೆ ಜೋಡಿ ತೂತು. ತೂತಿನ ಸುತ್ತ ಹುರಿ ಉಳಿದ ಕಡೆಗಿಂತ ಬೆಳ್ಳಗಿತ್ತು.

"ಜರ್ಮನ್ ಸಾಹೇಬಂದೋ ತಮ್ಮಾ. ಚುಕ್ಕಿ ಎರಡಿದ್ವು, ನಮ್ಮ ಹುಡುಗ್ರು ಆಡಾಕ ತಗೊಂಡು ಕಳದ್ವು."

ಅವತ್ತಿನಿಂದ ನಾನು ಪುಸ್ತಕ ಹುಡುಕತೊಡಗಿದೆ. ಬಿಳಿ ಬಟ್ಟೆ ಎಂದರೆ ಪದಾತಿ ದಳ. ಹುರಿ ನೇರವಾಗಿದ್ದರೆ ಮೇಜರನಿಗಿಂತ ಕೆಳಗಿನವನು. ಎರಡು ಚುಕ್ಕೆ ಎಂದರೆ ಹಾಪ್ಟ್‌ಮನ್, ನಮ್ಮ ಲೆಕ್ಕದಲ್ಲಿ ಕ್ಯಾಪ್ಟನ್. ಆ ಮನುಷ್ಯನ ಹೆಸರಿಲ್ಲ, ಊರಿಲ್ಲ. ಶರಣಾದನೋ ಸತ್ತನೋ ಎಂಬುದನ್ನು ಮುತ್ಯಾ ಹೇಳಲೂ ಇಲ್ಲ. ಆದರೂ ನಾಲ್ಕು ತೂತು, ಒಂದು ಬಟ್ಟೆಯ ಬಣ್ಣ, ಹುರಿ ಮಲಗಿದ ರೀತಿ ಇಷ್ಟರಿಂದಲೇ ಅವನು ಯಾವ ದಳದವನು, ಯಾವ ಹುದ್ದೆಯವನು ಎಂದು ತಿಳಿಯಿತು. ಪದಕ ನೋಡಲು ಹೋದವನು ಹೆಗಲು ಹಿಡಿದುಕೊಂಡು ಬಂದೆ.

ಜರ್ಮನ್ ಹೆಗಲಿನಷ್ಟು ಕಟ್ಟುನಿಟ್ಟಿನ ವ್ಯಾಕರಣ ನಾನು ಬೇರೆ ಸೈನ್ಯದಲ್ಲಿ ಕಂಡಿಲ್ಲ. ಹುರಿ ಮೂರು ಬಗೆ. ನೇರ ಹುರಿ ಕಿರಿಯ ಅಧಿಕಾರಿಗಳಿಗೆ, ಹೆಣೆದ ಹುರಿ ಮೇಜರನಿಂದ ಕರ್ನಲ್ ಎನ್ನಬಹುದಾದ ಓಬರ್‌ಸ್ಟ್‌ವರೆಗೆ, ಚಿನ್ನ ಬೆಳ್ಳಿ ಕೂಡಿಸಿ ಹೆಣೆದದ್ದು ಕೆಂಪು ಬಟ್ಟೆಯ ಮೇಲೆ ಜನರಲ್‌ಗಳಿಗೆ. ಮೊದಲೆರಡು ಬಗೆಯೊಳಗೆ ಚುಕ್ಕೆ ಇಲ್ಲ, ಒಂದು, ಎರಡು ಎಂಬ ಏರಿಕೆ. ನಮ್ಮವರು ತಪ್ಪುವುದು ಇಲ್ಲೇ. ನಮ್ಮ ಸೈನ್ಯದಲ್ಲಿ ಲೆಫ್ಟಿನೆಂಟ್‌ಗೆ ಎರಡು, ಕ್ಯಾಪ್ಟನ್‌ಗೆ ಮೂರು ನಕ್ಷತ್ರ. ಜರ್ಮನ್ ಲಾಯ್ಟ್ನಂಟ್ ಬೋಳು ಹೆಗಲಿನವನು. ಒಂದು ಚುಕ್ಕೆ ಬಂದರೆ ಓಬರ್‌ಲಾಯ್ಟ್ನಂಟ್, ಎರಡು ಬಂದರೆ ಆಗಲೇ ಕ್ಯಾಪ್ಟನ್. ನಮ್ಮ ಕಣ್ಣಿಟ್ಟು ಓದಿದರೆ ಎಲ್ಲ ಜರ್ಮನರಿಗೂ ಹಿಂಬಡ್ತಿ ಕೊಟ್ಟುಬಿಡುತ್ತೀರಿ.

ಕೆಳಗಿನ ಬಟ್ಟೆಯ ಬಣ್ಣ ದಳ ಹೇಳುತ್ತದೆ. ಎರಡನೇ ಯುದ್ಧದ ಸೈನ್ಯದಲ್ಲಿ ಪದಾತಿಗೆ ಬಿಳಿ, ತೋಪಖಾನೆಗೆ ಕೆಂಪು, ಕುದುರೆ ದಳಕ್ಕೆ ಬಂಗಾರದ ಹಳದಿ, ಸಂಪರ್ಕ ದಳಕ್ಕೆ ನಿಂಬೆ ಹಳದಿ, ಸೇತುವೆ ಸುರಂಗದ ಪಯೋನಿಯರ್‌ಗಳಿಗೆ ಕಪ್ಪು, ಗುಡ್ಡಗಾಡಿನವರಿಗೆ ಎಳೆ ಹಸಿರು, ಡಾಕ್ಟರಿಗೆ ನೀಲಿ. ಟ್ಯಾಂಕಿನವರಿಗೆ ಗುಲಾಬಿ! ಇದನ್ನು ಹೇಳಿದರೆ ಹುಡುಗರು ನಗುತ್ತಾರೆ. ನಗಲಿ. ಬಂಗಾರದ ಹಳದಿಗೂ ನಿಂಬೆ ಹಳದಿಗೂ ವ್ಯತ್ಯಾಸ ಕಾಣದವರು ಟ್ಯೂಬ್‌ಲೈಟ್ ಆರಿಸಿ ಅಂಗಳಕ್ಕೆ ಬರಬೇಕು. ಬಣ್ಣ ನೋಡುವುದು ಹಗಲಿನ ಕೆಲಸ.

ಮೊದಲ ಯುದ್ಧದ ಹೆಗಲು ಇದಕ್ಕಿಂತ ಸೊಗಸು. ಆಗ ಜರ್ಮನಿ ಒಂದು ಸಾಮ್ರಾಜ್ಯವಾದರೂ ಪ್ರಷ್ಯಾ, ಬವೇರಿಯಾ, ಸ್ಯಾಕ್ಸನಿ ತಮ್ಮ ತಮ್ಮ ಗುರುತು ಬಿಟ್ಟಿರಲಿಲ್ಲ. ಬೆಳ್ಳಿಯ ಹುರಿಯೊಳಗೆ ಸಣ್ಣ ಬಣ್ಣದ ಎಳೆ ಬರುತ್ತದೆ: ಪ್ರಷ್ಯಾಕ್ಕೆ ಕಪ್ಪು, ಬವೇರಿಯಾಕ್ಕೆ ನೀಲಿ, ಸ್ಯಾಕ್ಸನಿಗೆ ಹಸಿರು. ಒಂದು ಎಳೆಯಲ್ಲಿ ಒಂದು ರಾಜ್ಯ. ಆ ಬೆಳ್ಳಿ ಕಾಲಕ್ರಮದಲ್ಲಿ ಕಪ್ಪಾಗುತ್ತದೆ. ಎರಡನೇ ಯುದ್ಧದ ಅಲ್ಯೂಮಿನಿಯಂ ಹುರಿ ಕಪ್ಪಾಗದೆ ಮಂಕಾಗುತ್ತದೆ. ಮೊದಲ ಯುದ್ಧದ್ದೆಂದು ಮಾರಲು ಬಂದ ಹೆಗಲಪಟ್ಟಿ ಮದುವೆಯ ಮಂಟಪದಂತೆ ಥಳಥಳಿಸುತ್ತಿದ್ದರೆ ಮಾರುವವನಿಗೆ ಚಹಾ ಕುಡಿಸಿ ಕಳಿಸಿರಿ.

ಹೆಗಲನ್ನು ಕಣ್ಣಿನಿಂದ ಓದುವುದು ಅರ್ಧ. ಉಳಿದರ್ಧವನ್ನು ಬೆರಳಿನಿಂದ ಓದುವುದನ್ನು ಕಲಿಸಿದವರು ರಾಮದುರ್ಗ ತಾಲೂಕಿನ ಒಬ್ಬ ಹಿರಿಯ ನೇಕಾರರು. ಅವರಿಗೆ ಜರ್ಮನಿಯೂ ಬೇಕಿರಲಿಲ್ಲ, ಯುದ್ಧವೂ ಬೇಕಿರಲಿಲ್ಲ. ಹೆಗಲಪಟ್ಟಿಯನ್ನು ಮಗುಚಿ, ಬಟ್ಟೆಯ ಕತ್ತರಿಸಿದ ಅಂಚನ್ನು ಉಗುರಿನಿಂದ ಕೆದರಿ, "ಅಂಚ ಕತ್ತರಿಸ್ಯಾರ, ಆದ್ರ ನೂಲ ಬಿಟ್ಟಿಲ್ಲ ನೋಡ್ರಿ. ನೇದ ಮ್ಯಾಲ ಕುಟ್ಯಾರ ಇದನ್ನ" ಅಂದರು. ಉಣ್ಣೆಯ ಬಟ್ಟೆಯನ್ನು ನೇಯ್ದ ಮೇಲೆ ನೀರಿನಲ್ಲಿ ನೆನೆಸಿ ಬಡಿದು ಬಿಗಿಸುತ್ತಾರೆ. ಎಳೆ ಎಳೆ ಕೂಡಿಕೊಂಡು ನೇಯ್ಗೆಯೇ ಮರೆಯಾಗುತ್ತದೆ, ಅಂಚು ಮಡಚಿ ಹೊಲಿಯುವ ಜರೂರು ಬೀಳುವುದಿಲ್ಲ. ನಕಲಿಯವನು ಅಂಗಡಿಯ ಫೆಲ್ಟ್ ಕತ್ತರಿಸಿ ಅಂಟಿಸುತ್ತಾನೆ. ಅದರಲ್ಲಿ ನೇಯ್ಗೆ ಮರೆಯಾಗಿರುವುದಿಲ್ಲ, ನೇಯ್ಗೆಯೇ ಇರುವುದಿಲ್ಲ. ಅಂಚನ್ನು ಬೆಳಕಿಗೆ ಹಿಡಿದು ಬೆರಳಾಡಿಸಿದರೆ ತಿಳಿಯುತ್ತದೆ. ನಮ್ಮ ಸುತ್ತಲೇ ಇಷ್ಟು ಮಗ್ಗಗಳಿದ್ದೂ ಬಟ್ಟೆ ಪರೀಕ್ಷೆಗೆ ಯೂಟ್ಯೂಬ್ ನೋಡುವವರಿಗೆ ಏನು ಹೇಳಲಿ?

ಯೂಟ್ಯೂಬಿನವರ ಮೆಚ್ಚಿನ ಪರೀಕ್ಷೆ ನೇರಳೆ ಬೆಳಕಿನ ಟಾರ್ಚ್. ಯುದ್ಧದ ನಂತರದ ದಾರ, ಬಟ್ಟೆಗಳಿಗೆ ಹೊಳಪಿನ ರಾಸಾಯನಿಕ ಸೇರಿಸತೊಡಗಿದರು. ಅದು ಈ ಬೆಳಕಿಗೆ ಬೆಳ್ಳಗೆ ಉರಿಯುತ್ತದೆ. ಪರೀಕ್ಷೆ ಸುಳ್ಳಲ್ಲ. ಆದರೆ ಅಸಲಿ ಕೋಟನ್ನೂ ಯಾರಾದರೂ ಸೋಪಿನ ಪುಡಿಯಲ್ಲಿ ಒಗೆದಿದ್ದರೆ ಅದೂ ಹೊಳೆಯುತ್ತದೆ, ಯಾಕೆಂದರೆ ಅದೇ ರಾಸಾಯನಿಕ ಪುಡಿಯಲ್ಲೂ ಇದೆ. ಟಾರ್ಚ್ ಸಂಶಯ ಹುಟ್ಟಿಸಬಹುದು, ತೀರ್ಪು ಕೊಡಲಾರದು.

ಇನ್ನುಳಿದದ್ದನ್ನು ಬೇಗ ಮುಗಿಸುತ್ತೇನೆ. ಜರ್ಮನ್ ಅಧಿಕಾರಿಗಳು ಕೋಟನ್ನು ಹೆಚ್ಚಾಗಿ ತಮ್ಮ ದರ್ಜಿಯಿಂದ ಹೊಲಿಸುತ್ತಿದ್ದರು. ಒಳಜೇಬಿನಲ್ಲಿ ದರ್ಜಿಯ ಚೀಟಿ ಇದ್ದು, ಅದರಲ್ಲಿ ತೊಟ್ಟವನ ಹೆಸರೂ ತಾರೀಖೂ ಉಳಿದಿದ್ದರೆ ನಿಮ್ಮ ಅದೃಷ್ಟ. ಎರಡನೇ ಗುಂಡಿಯ ಕಣ್ಣಿನಲ್ಲಿ ರಿಬ್ಬನ್ ಇದ್ದರೆ ಐರನ್ ಕ್ರಾಸ್ ಎರಡನೇ ದರ್ಜೆ ಇರಬಹುದು; ಕಪ್ಪು ಬಿಳಿಯಾದರೆ ಮೊದಲ ಯುದ್ಧ, ನಡುವೆ ಕೆಂಪು ಬಂದರೆ ಎರಡನೆಯದು. ಎರಡನೇ ಯುದ್ಧದ ಭೂಸೈನ್ಯದ ಹದ್ದಿನ ಗುರುತು ಬಲ ಎದೆಯ ಮೇಲೆ ಕೂರುತ್ತದೆ, ನಾಜಿ ಪಕ್ಷದ ಪಡೆಯಾದ ಎಸ್‌ಎಸ್‌ನವರದು ಎಡ ತೋಳಿನ ಮೇಲೆ. ಹೆಲ್ಮೆಟ್ಟು, ಕಠಾರಿ, ಬೂಟುಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನಗೆ ಅವು ಮನೆಯಲ್ಲಿ ಜಾಗ ತಿನ್ನುವ ಸಾಮಾನು.

ಹದ್ದಿನ ಮಾತು ಬಂದದ್ದರಿಂದ ಒಂದು ಖಡಕ್ ಮಾತು. ಆ ಹದ್ದಿನ ಉಗುರಿನಲ್ಲಿರುವುದು ನಮ್ಮ ಹೊಸ್ತಿಲ ಸ್ವಸ್ತಿಕವಲ್ಲ. ಅದರ ನೆರಳಿನಲ್ಲಿ ಲಕ್ಷಗಟ್ಟಲೆ ಯಹೂದಿಗಳನ್ನು ಕೊಂದರು. ಜರ್ಮನಿಯಲ್ಲಿ ಅದನ್ನು ಬಹಿರಂಗವಾಗಿ ಪ್ರದರ್ಶಿಸುವುದು ದಂಡಸಂಹಿತೆಯ 86ಎ ಕಲಮಿನ ಪ್ರಕಾರ ಅಪರಾಧ. ಅಧ್ಯಯನಕ್ಕೆ, ಕಲೆಗೆ, ಶಿಕ್ಷಣಕ್ಕೆ ವಿನಾಯಿತಿ ಇದೆ. ಇಲ್ಲಿ ಕೆಲವರು ಹಿಟ್ಲರನನ್ನು ಶಿಸ್ತಿನ ಸಾಹೇಬ ಅಂದುಕೊಂಡು ಆ ಗುರುತನ್ನು ಬೈಕಿಗೆ ಅಂಟಿಸಿಕೊಳ್ಳುತ್ತಾರೆ. ಅಂಥವರಿಗೆ ನನ್ನ ಮನೆಯ ಬಾಗಿಲು ಮುಚ್ಚಿದೆ. ಅವರು ನೆನಪಿಡಬೇಕಾದದ್ದು ಇಷ್ಟು: 1944ರ ಜುಲೈ 10ರಂದು ಟೈಬರ್ ಕಣಿವೆಯಲ್ಲಿ ಒಬ್ಬನೇ ಶತ್ರುವಿನ ಮಷಿನ್‌ಗನ್ ಮೇಲೆ ನುಗ್ಗಿ ಪ್ರಾಣ ಕೊಟ್ಟ ನಾಯಕ್ ಯಶವಂತ ಘಾಡ್ಗೆ, 1945ರ ಏಪ್ರಿಲ್ 9ರಂದು ಸೆನಿಯೋ ನದಿಯಲ್ಲಿ ಗಾಯಾಳುಗಳನ್ನು ಹೊತ್ತು ದಾಟಿಸಿದ ಸಿಪಾಯಿ ನಾಮದೇವ ಜಾಧವ, ಇಬ್ಬರೂ ವಿಕ್ಟೋರಿಯಾ ಕ್ರಾಸ್ ಪಡೆದವರು, ಇಬ್ಬರೂ ಮರಾಠಾ ಲೈಟ್ ಇನ್‌ಫಂಟ್ರಿಯವರು. ಎದುರಿಗಿದ್ದದ್ದು ಇದೇ ಹದ್ದು.

ಆ ಪಲ್ಟಣದ ಕೇಂದ್ರ 1922ರಿಂದ ನಮ್ಮ ಬೆಳಗಾವಿಯಲ್ಲಿದೆ. ಅದರ ಲಾಂಛನದ ಕಹಳೆಯನ್ನು ಗಮನಿಸಿರಿ. ಲಘು ಪದಾತಿಯ ಆ ಗುರುತು ಯುರೋಪಿನ ಬೇಟೆಗಾರರ ಕೊಂಬಿನಿಂದ ಬಂದದ್ದು. ಜರ್ಮನಿಯ ಯೇಗರ್ ದಳಗಳಿಗೂ ಅದೇ ಕೊಂಬು. ಖಾಕಿಯ ಕಥೆಯಲ್ಲೂ ಜರ್ಮನ್ ಎಳೆ ಇದೆ. 1850ರ ದಶಕದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿದ್ದ ಜಾನ್ ಹಾಲರ್ ಎಂಬ ಜರ್ಮನ್ ನೇಕಾರ ಖಾಕಿ ಬಣ್ಣ ಕಟ್ಟಿದ ಎಂದು ಕರಾವಳಿಯವರು ಅಭಿಮಾನದಿಂದ ಹೇಳುತ್ತಾರೆ. ಪೇಶಾವರದ ಕಡೆಯ ಗೈಡ್ಸ್ ದಳ ಅದಕ್ಕೂ ಮೊದಲೇ ಖಾಕಿ ತೊಟ್ಟಿತ್ತು ಎಂದು ನಾನು ಹೇಳಿದರೆ ಅವರಿಗೆ ಸಿಟ್ಟು.

ಜರ್ಮನ್ ಕೋಟು ಕೊಳ್ಳುವ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ? ಬೇಕಾಗಿಯೂ ಇಲ್ಲ. ವ್ಯಾಕರಣ ಅಲ್ಲಿ ಕಲಿಯಿರಿ, ಓದನ್ನು ಮನೆಯ ಟ್ರಂಕಿನಲ್ಲಿ ಮಾಡಿರಿ. ನಮ್ಮ ಊರುಗಳ ಸುತ್ತ ಫೌಜಿಗೆ ಹೋಗಿಬಂದವರ ಮನೆಗಳಿಗೆ ಬರವಿಲ್ಲ. ಹೆಗಲ ಮೇಲೆ ಕಿರೀಟವಿದ್ದರೆ 1950ಕ್ಕಿಂತ ಹಿಂದಿನದು. ಅಶೋಕನ ಸಿಂಹವಿದ್ದರೆ 1950ರ ಜನವರಿ 26ರ ನಂತರದ್ದು. ನಕ್ಷತ್ರ ಚೌಕವಾಗಿ ಕಂಡರೆ ಹಳೆಯದು, ಐದು ಮೂಲೆಯದಾದರೆ ನಮ್ಮದು. ಸವದತ್ತಿ ತಾಲೂಕಿನ ಒಂದು ಮನೆಯಲ್ಲಿ ನೋಡಿದ ಕೋಟಿಗೆ ಹಿತ್ತಾಳೆ ಒಂದೂ ಉಳಿದಿರಲಿಲ್ಲ. ಯಾರೋ ಹಳೆ ಸಾಮಾನಿನವನು ಬಂದು ಕಿತ್ತುಕೊಂಡು ಹೋಗಿದ್ದ. ಆದರೆ ಹೆಗಲಪಟ್ಟಿಯಲ್ಲಿ ಐದು ಮೂಲೆಯ ಎರಡು ಗಾಢ ಕಲೆ ಬಿಸಿಲು ತಾಗದೆ ಉಳಿದಿದ್ದವು, ಕೆಳಗೆ ಅಡ್ಡಪಟ್ಟಿ ಹೊಲಿದ ಸೂಜಿಯ ತೂತುಗಳ ಸಾಲು. ಎರಡು ನಕ್ಷತ್ರದ ಕೆಳಗೆ ಅಡ್ಡಪಟ್ಟಿ ಎಂದರೆ ಲೆಫ್ಟಿನೆಂಟರದಲ್ಲ, ಸುಬೇದಾರರ ಕೋಟು. ಮನೆಯ ಮೊಮ್ಮಗನಿಗೆ ಅಜ್ಜ ಮಿಲಿಟರಿಯಲ್ಲಿದ್ದರು ಎಂಬುದಷ್ಟೇ ಗೊತ್ತಿತ್ತು.

ಆದ್ದರಿಂದ ಹೊಸಬರಿಗೆ ಕೈ ಮುಗಿದು ಕೇಳುವುದಿಷ್ಟು. ಕೋಟಿನಿಂದ ಏನನ್ನೂ ಕೀಳಬೇಡಿರಿ, ಕೀಳಲು ಬಂದವನಿಗೆ ಕೊಡಬೇಡಿರಿ. ಒಗೆಯಬೇಡಿರಿ, ಇಸ್ತ್ರಿ ಮಾಡಬೇಡಿರಿ, ತಂತಿಯ ಹ್ಯಾಂಗರಿಗೆ ಹಾಕಬೇಡಿರಿ. ಹಳೆಯ ಮೆತ್ತನೆ ಧೋತರದಲ್ಲಿ ಸುತ್ತಿಡಿರಿ. ಮೊದಲ ಯುದ್ಧದ ಬೆಳ್ಳಿ ಪದಕವಿದ್ದರೆ ಸರಾಫರ ತಕ್ಕಡಿಗೆ ಹಾಕುವ ಮೊದಲು ಅಂಚು ನೋಡಿರಿ. ನಂಬರು, ಹುದ್ದೆ, ಹೆಸರು, ಪಲ್ಟಣ ಕೊರೆದಿರುತ್ತಾರೆ. ತೊಟ್ಟವರ ಹೆಸರು, ನಂಬರು, ಪಲ್ಟಣ, ಊರು ಒಂದು ಚೀಟಿಯ ಮೇಲೆ ಪೆನ್ಸಿಲ್ಲಿನಿಂದ ಬರೆದು ಒಳಜೇಬಿನಲ್ಲಿಡಿರಿ. ಜರ್ಮನ್ ದರ್ಜಿ ಮಾಡಿದ ಕೆಲಸವೂ ಇದೇ. ಹೆಸರಿಲ್ಲದ ಕೋಟಿಗೆ ಸಂತೆಯಲ್ಲಿ ಬೆಲೆ ಬರಬಹುದು, ಮನೆಯಲ್ಲಿ ಬಾರದು.