ಬೆಳ್ಳಿಚುಕ್ಕಿ: ಪತನವೋ, ಅಸ್ತವೋ?

ಮತಸಂಕೇತಗಳನ್ನು ತೌಲನಿಕವಾಗಿ ಅಭ್ಯಸಿಸುವವರು ಬೆಳಗಿನ ನಕ್ಷತ್ರವನ್ನು 'ಬಿದ್ದ ಜ್ಯೋತಿ'ಯೆಂದು ವ್ಯಾಖ್ಯಾನಿಸುವುದುಂಟು. ಈ ವ್ಯಾಖ್ಯಾನವು ಕನ್ನಡದ ಬೆಳ್ಳಿಗೂ ಸಲ್ಲುವುದೇ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಇದರ ಮೂಲವು ಪ್ರವಾದಿ ಯೆಶಾಯನ ಗ್ರಂಥದ 14ನೆಯ ಅಧ್ಯಾಯ. ಗರ್ವದಿಂದ ಕೆಟ್ಟ ಬಾಬಿಲೋನಿನ ಅರಸನನ್ನು ಅಲ್ಲಿ ಆಕಾಶದಿಂದ ಬಿದ್ದ ಉದಯತಾರೆಗೆ ಹೋಲಿಸಿದೆ. ಆ ತಾರೆಯು ಲ್ಯಾಟಿನ್ ಅನುವಾದದಲ್ಲಿ 'ಲೂಸಿಫರ್', ಎಂದರೆ ಬೆಳಕನ್ನು ತರುವವನು; ಸ್ಲಾವ್ ಅನುವಾದದಲ್ಲಿ 'ದೆನ್ನಿತ್ಸ'. ಹೋಲಿಕೆಗಾಗಿ ಬಂದ ಈ ಎರಡು ಮಾತುಗಳೂ ಕಾಲಕ್ರಮದಲ್ಲಿ ಸೈತಾನನ ಹೆಸರುಗಳಾದವು. ಆದರೆ ಅದೇ ಬೈಬಲ್ಲಿನ ಪ್ರಕಟನೆ ಗ್ರಂಥದ 22ನೆಯ ಅಧ್ಯಾಯದಲ್ಲಿ ಕ್ರಿಸ್ತನು ತನ್ನನ್ನೇ ಉದಯನಕ್ಷತ್ರವೆಂದು ಕರೆದುಕೊಳ್ಳುತ್ತಾನೆ. ಕ್ಯಾಥೊಲಿಕರ ಪ್ರಾರ್ಥನೆಯಲ್ಲಿ ಅದು ಮರಿಯಳ ಬಿರುದು. ಆದುದರಿಂದ ಪತನವೊಂದೇ ಆ ಪರಂಪರೆಯ ಪೂರ್ಣಾರ್ಥವಲ್ಲ.

ಈ ಗ್ರಂಥವು ಕನ್ನಡಕ್ಕೆ ಬಂದುದು ಬಳ್ಳಾರಿಯಲ್ಲಿ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದರ ಅನುವಾದಕ್ಕೆ ತೊಡಗಿದನು. ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು 2021ರಿಂದ ವಿಜಯನಗರ ಜಿಲ್ಲೆಯಲ್ಲಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಒಕ್ಕಲಿಗೆ ಬೆಳ್ಳಿಚುಕ್ಕಿಯೆಂದರೆ ಹೊತ್ತಿನ ಗುರುತು. 'ಬೆಳ್ಳಿ ಮೂಡಿತು' ಎಂದರೆ ಏಳುವ ಹೊತ್ತಾಯಿತು. ಬಿಳುಪನ್ನು ಹೇಳುವ ಈ ಪದಕ್ಕೆ ಪಾಪದ ಸೋಂಕಿಲ್ಲ.

ಶುಕ್ರನು ಅಸುರರ ಗುರುವಲ್ಲವೇ ಎಂದು ಆಕ್ಷೇಪಿಸಬಹುದು. ನಿಜ, ಬಲಿಯ ದಾನವನ್ನು ತಡೆಯಹೋಗಿ ಅವನು ಕಣ್ಣನ್ನೇ ಕಳೆದುಕೊಂಡನು. ಆದರೂ ಅವನು ಮೃತಸಂಜೀವಿನಿಯನ್ನು ಬಲ್ಲ ಆಚಾರ್ಯ, ಪೂಜೆಗೊಳ್ಳುವ ನವಗ್ರಹಗಳಲ್ಲೊಬ್ಬ, ಜ್ಯೋತಿಷದಲ್ಲಿ ಶುಭಗ್ರಹ. ಅಸುರಪಕ್ಷವು ಅವನನ್ನು ಆಕಾಶದಿಂದ ಕೆಡವಲಿಲ್ಲ.

ಭೇದದ ತಿರುಳು ಆಕಾಶದ ಗತಿಯಲ್ಲಿದೆಯೆಂದು ನಮಗೆ ತೋರುತ್ತದೆ. ಶುಕ್ರನ ಒಂದು ಆವರ್ತಕ್ಕೆ ಸುಮಾರು 584 ದಿನಗಳು. ಎಂಟು ಒಂಬತ್ತು ತಿಂಗಳು ಮೂಡಲಲ್ಲಿ ಬೆಳಗಿದ ಮೇಲೆ ಅದು ಸೂರ್ಯನ ಬೆಳಕಿನಲ್ಲಿ ಸುಮಾರು ಐವತ್ತು ದಿನ ಮರೆಯಾಗಿ ಅನಂತರ ಪಡುವಲ ಸಂಜೆಯಲ್ಲಿ ಕಾಣುತ್ತದೆ. ಸಂಜೆಯ ಅವಧಿ ಮುಗಿದ ಮೇಲೆ ಮರೆಯಾಗುವುದು ಕೆಲವೇ ದಿನ. ಯೆಶಾಯನು ಕಂಡುದು ಪತನವನ್ನು. ನಮ್ಮ ಪಂಚಾಂಗವು ಈ ಮರೆಯನ್ನು 'ಅಸ್ತ'ವೆನ್ನುತ್ತದೆ. ಅದೇ ಶುಕ್ರಮೂಢ. ಆಗ ಮದುವೆಗಳು ನಿಲ್ಲುತ್ತವೆ, ಉದಯವಾದೊಡನೆ ಮತ್ತೆ ನಡೆಯುತ್ತವೆ. ಪಂಚಾಂಗವನ್ನು ಓದಲಾರದ ಮನೆಯೂ ಮದುವೆಯ ಮೂಲಕ ಇದನ್ನು ಬಲ್ಲದು. ಬಿದ್ದುದು ಶಿಕ್ಷೆಗೆ ಗುರಿಯಾದುದು. ಅಸ್ತವಾದುದು ಮರಳಿ ಬರತಕ್ಕದ್ದು.

ಆದುದರಿಂದ ನಮ್ಮ ಹಾಡುಗಳಲ್ಲಿ ಬೆಳ್ಳಿ ಕಂಡಲ್ಲೆಲ್ಲ ಲೂಸಿಫರನ ನೆರಳನ್ನು ಹುಡುಕುವುದು ವಿಮರ್ಶೆಯಾಗಲಾರದು. ಹಾಡನ್ನು ಸಂಗ್ರಹಿಸುವ ವಿದ್ಯಾರ್ಥಿಗಳು ಮೊದಲು ಅದನ್ನು ಯಾವ ಕೆಲಸದ ಹೊತ್ತಿನಲ್ಲಿ ಹಾಡುವರೆಂದು ಕೇಳಿ ಬರೆದುಕೊಳ್ಳಲಿ. ಸಂಕೇತದ ಮಾತು ಅನಂತರದ್ದು.